ಮೂಲೆಯಲ್ಲಿದ್ದ ಒಂದು ಹಿಡಿ ಕೆಮ್ಮಣ್ಣು

"ಗುಡಿಸಿದವರಿಗೆ ಅದು ದೀಪ ಹಚ್ಚೋ ಹೊತ್ತು ಅಂತ ಗೊತ್ತಿತ್ತಾ?"

ಬಸವರಾಜೇಶ್ವರಿ ಇದನ್ನು ಯಾರನ್ನೂ ಕೇಳಲಿಲ್ಲ. ಕೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಭದ್ರಾವತಿಯ ಟೌನ್‌ಶಿಪ್ ಕ್ಲಬ್ಬಿನ ಟೆನಿಸ್ ಅಂಕಣದ ಮೂಲೆಯಲ್ಲಿ, ತಂತಿ ಬೇಲಿಯ ಕಂಬದ ಬುಡದಲ್ಲಿ, ಸೀರೆಯ ನೆರಿಗೆ ನೆಲಕ್ಕೆ ತಾಗದಂತೆ ಎತ್ತಿ ಹಿಡಿದು ಅವರು ಕುಕ್ಕರುಗಾಲಲ್ಲಿ ಕೂತಿದ್ದರು. ಎದುರಿಗೆ ಒಂದು ಹಿಡಿಯಷ್ಟು ಕೆಮ್ಮಣ್ಣಿನ ಗುಪ್ಪೆ. ಅಷ್ಟೇ.

ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಶಿವಮೊಗ್ಗದ ಗೋಪಾಳದಲ್ಲಿ ನೆಲೆಸಿದ್ದರೂ ಜನ ಅವರನ್ನು ಬಿಟ್ಟಿರಲಿಲ್ಲ. ಕಳವು, ಕಾಣೆ, ಕಲಹ, ಏನೇ ಆಗಲಿ, ಹಣೆಯ ವಿಭೂತಿ ಆರುವ ಮೊದಲೇ ಬಂದು ಬಾಗಿಲು ತಟ್ಟುತ್ತಿದ್ದರು. ಈ ಬೆಳಿಗ್ಗೆ ತಟ್ಟಿದವರು ರಂಗಪ್ಪ, ಈ ಅಂಕಣವನ್ನು ನೋಡಿಕೊಳ್ಳುವ ಮುದುಕ.

ನಿನ್ನೆ ಸಂಜೆ ಇಲ್ಲಿ ರಾಜ್ಯ ಮಟ್ಟದ ಕ್ಲೇ ಕೋರ್ಟ್ ಪಂದ್ಯಾವಳಿಯ ಮಹಿಳಾ ಫೈನಲ್ ಮುಗಿದಿತ್ತು. ರಂಗಪ್ಪನವರ ಮೊಮ್ಮಗಳು ಲಿಖಿತಾ, ಶಿವಮೊಗ್ಗದ ದಿವ್ಯಶ್ರೀಯನ್ನು ಸೋಲಿಸಿ ಕಪ್ ಎತ್ತಿದ್ದಳು. ಆದರೆ ಅವಳು ಹೊಡೆದ ಕೊನೆಯ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ನೋಡಲು ರೆಫರಿ ಇಳಿದು ಬರುವಷ್ಟರಲ್ಲಿ, ಆ ಚೆಂಡಿನ ಗುರುತನ್ನು ಯಾರೋ ಗುಡಿಸಿಬಿಟ್ಟಿದ್ದರು.

ಮಣ್ಣಿನ ಅಂಕಣದಲ್ಲಿ ಚೆಂಡು ಬಿದ್ದಲ್ಲೆಲ್ಲ ಗುರುತು ಉಳಿಯುತ್ತದೆ. ಅಂಪೈರ್ ಕಣ್ಣು ತಪ್ಪಿದರೂ ಮಣ್ಣು ತಪ್ಪುವುದಿಲ್ಲ. ಆ ಸಾಕ್ಷಿಯನ್ನು ಅಳಿಸಿದವರು ಗೆದ್ದ ಹುಡುಗಿಯ ತಾತನೇ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಸಮಿತಿ ಇವತ್ತು ಮಧ್ಯಾಹ್ನ ಸೇರುವುದಿತ್ತು. ಅಷ್ಟರಲ್ಲಿ ಬೇರೆ ಹೆಸರು ಸಿಗದಿದ್ದರೆ ಲಿಖಿತಾಳ ಗೆಲುವು ರದ್ದು. ಅದರೊಂದಿಗೆ ರಾಷ್ಟ್ರೀಯ ಪಂದ್ಯಾವಳಿಗೆ ಸಿಕ್ಕ ನೇರ ಪ್ರವೇಶವೂ ಹೋಗುತ್ತದೆ. ರಂಗಪ್ಪ ಈ ಗೇಟಿನೊಳಗೆ ಮತ್ತೆ ಕಾಲಿಡುವ ಹಾಗಿಲ್ಲ.

ಬಸವರಾಜೇಶ್ವರಿ ಕೈ ಬೀಸಿ ಕರೆದರು. ಗೇಟಿನ ಬಳಿ ನಿಂತಿದ್ದ ರಂಗಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಇದನ್ನ ಹಾಕಿದ್ದು ನೀವಾ?"

ರಂಗಪ್ಪ ಬಗ್ಗಿ ನೋಡಿದರು. "ನಾನ್ಯಾಕೆ ಹಾಕ್ಲಿ ಅಮ್ಮ? ನಾನು ಗೋಣಿತಾಟು ಎಳೀತೀನಿ, ನೀರು ಹೊಡೀತೀನಿ. ಮಣ್ಣನ್ನ ಕಸ ಮಾಡೋದು ನಂಗೆ ಗೊತ್ತಿಲ್ಲ."

ಅದು ನಿಜ. ಅಂಕಣದಲ್ಲಿ ಎದ್ದ ಮಣ್ಣನ್ನು ಅಂಕಣಕ್ಕೇ ಹರಡುತ್ತಾರೆ. ಗೋಣಿತಾಟು ಎಳೆದ ಜಾಗದಲ್ಲಿ ಉದ್ದುದ್ದ ಗೀರು ಇರಬೇಕು, ಗುಪ್ಪೆ ಇರಬಾರದು. ಇಲ್ಲಿ ಮೂಲೆಯ ಒಂದು ಮೊಳ ಜಾಗದಲ್ಲಿ ಮಾತ್ರ ಪೊರಕೆಯ ಗೀರುಗಳು ಕಮಾನು ಕಮಾನಾಗಿ ಎದ್ದಿದ್ದವು. ಗುಡಿಸಿದ ಮಣ್ಣನ್ನು ಬೇಲಿಯಾಚೆ ತಳ್ಳಿರಲಿಲ್ಲ. ಕಾಲಲ್ಲಿ ಚದುರಿಸಿರಲೂ ಇಲ್ಲ. ಕಂಬದ ಬುಡಕ್ಕೆ ಒತ್ತಿ, ಅಂದವಾಗಿ ಕೂರಿಸಿ ಹೋಗಿದ್ದರು.

ನಿನ್ನೆ ಆಟ ಮುಗಿದಾಗ ಹೊತ್ತು ಎಷ್ಟಾಗಿತ್ತು ಎಂದು ಅವರು ಕೇಳಿದರು. ಪಕ್ಕದ ಗುಡಿಯಲ್ಲಿ ಸಂಜೆಯ ಗಂಟೆ ಬಾರಿಸುತ್ತಿತ್ತು ಎಂದರು ರಂಗಪ್ಪ. ನೀರಿನ ಪೈಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೇಟಿನ ಹೊರಗೇ ನಿಂತಿದ್ದರಂತೆ. ಮಂಗಳಾರತಿಯ ಗಂಟೆ ನಿಲ್ಲುವ ತನಕ ಕೈ ಮುಗಿದುಕೊಂಡೇ ಇದ್ದರಂತೆ. ಆಮೇಲೆ ಒಳಗೆ ಬಂದಾಗ ದಿವ್ಯಶ್ರೀಯ ಕೋಚ್ ಸತೀಶ್ ಕೂಗಾಡುತ್ತಿದ್ದ. ಅಂಕಣ ಸರಿಮಾಡುವ ಸಾಮಾನು ಇದ್ದದ್ದು ಇವರೊಬ್ಬರ ಕೈಯಲ್ಲಿ. ಎಲ್ಲ ಬೆರಳೂ ಇವರ ಕಡೆಗೇ ತಿರುಗಿದವು.

"ಮೊಮ್ಮಗಳು ಗೆದ್ದದ್ದನ್ನ ನೋಡಿದ್ರಾ?"

"ನೋಡ್ಲಿಲ್ಲ ಅಮ್ಮ. ಕಣ್ಣು ಮುಚ್ಕೊಂಡಿದ್ದೆ." ರಂಗಪ್ಪ ಅಂಕಣದ ಕಡೆ ನೋಡಿದರು. "ಆದ್ರೆ ಅಲ್ಲೀತನಕ ಆಡಿದ್ದನ್ನ ನೋಡಿದೀನಿ. ಇಬ್ರದ್ದೂ. ಆ ದಿವ್ಯಶ್ರೀ ಹೊಡೆದ್ರೆ ಸದ್ದೇ ಬರಲ್ಲ. ಕಾಲ ಬುಡದಲ್ಲಿ ಧೂಳು ಎದ್ದಾಗ್ಲೇ ಚೆಂಡು ಬಂತು ಅಂತ ಗೊತ್ತಾಗೋದು. ನಮ್ಮ ಹುಡುಗಿ ಎದುರಿಗೆ ಇದ್ದಾಳೆ ಅನ್ನೋದು ಮರೆತು ನಾನೇ ಭೇಷ್ ಅಂದ್ಬಿಟ್ಟೆ."

ಕೊನೆಯ ಚೆಂಡು ಎಲ್ಲಿ ಬಿತ್ತು ಎಂಬ ಮಾತು ಅವರ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಬಸವರಾಜೇಶ್ವರಿ ಒತ್ತಾಯಿಸಲಿಲ್ಲ. ಬಂದ ಮಾತಿಗೆ ಎಷ್ಟು ಕಿವಿ ಕೊಡುತ್ತಾರೋ, ಬಾರದ ಮಾತಿಗೂ ಅಷ್ಟೇ ಕಿವಿ ಕೊಡುವುದು ಅವರ ಅಭ್ಯಾಸ.

ಮಣ್ಣು ಹೊರುವ ಬಾಂಡ್ಲಿಯನ್ನು ತರಿಸಿ, ಗುಪ್ಪೆಯನ್ನು ಬೊಗಸೆಯಲ್ಲಿ ಎತ್ತಿ ಅದರಲ್ಲಿ ತೆಳ್ಳಗೆ ಹರಡಿದರು. ಬೆರಳಿನಿಂದ ಕೆದಕಿ ಕೆದಕಿ ನೋಡಿದರು. ಕೆಂಪು, ಬರೀ ಕೆಂಪು.

ಎದ್ದು ಹೋಗಿ, ಆಟಗಾರರ ಕುರ್ಚಿಯ ಹಿಂದೆ ಇದ್ದ ಪೊರಕೆ ತಂದು, ಅಂಕಣದ ಇನ್ನೊಂದು ಬದಿಯ ಗೆರೆಯ ಮೇಲೆ ಅದನ್ನು ಒಮ್ಮೆ ಮೆಲ್ಲಗೆ ಆಡಿಸಿದರು. ನಿನ್ನೆ ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಅದು. ತಾಗಿದ್ದೇ ತಡ, ಬಿಳಿಯ ಹಕ್ಕಳೆ ಎದ್ದು ಪೊರಕೆಗೆಲ್ಲ ಮೆತ್ತಿಕೊಂಡಿತು.

ಬಸವರಾಜೇಶ್ವರಿ ಆ ಪೊರಕೆಯನ್ನು ಬಾಂಡ್ಲಿಯ ಕೆಂಪು ಮಣ್ಣಿನ ಪಕ್ಕಕ್ಕೆ ಹಿಡಿದು ನೋಡಿದರು.

ಚೆಂಡು ಗೆರೆಗೆ ಒಂದಿಷ್ಟು ತಾಗಿದ್ದರೂ ಅದು ಒಳಗೆ ಬಿದ್ದಂತೆಯೇ ಲೆಕ್ಕ. ಹಾಗೆ ತಾಗಿದ ಗುರುತನ್ನು ಅಳಿಸಬೇಕಾದರೆ ಗೆರೆಯನ್ನೂ ಗುಡಿಸಲೇಬೇಕು. ಗೆರೆ ಗುಡಿಸಿದ್ದರೆ ಗುಪ್ಪೆಯಲ್ಲಿ ಸುಣ್ಣ ಇರಲೇಬೇಕು. ಇಲ್ಲ. ಪೊರಕೆಯ ಗೀರುಗಳೆಲ್ಲ ಗೆರೆಯ ಹೊರಬದಿಗೇ ಇವೆ; ಹಾಗಾದರೆ ಚೆಂಡು ಬಿದ್ದದ್ದು ಗೆರೆಯಿಂದ ಆಚೆಗೆ. ಆ ಅಂಕ ಲಿಖಿತಾಳದ್ದಲ್ಲ.

ತಾತನನ್ನು ಉಳಿಸಲು ಈ ಮಣ್ಣನ್ನು ತೋರಿಸಬೇಕು. ತೋರಿಸಿದರೆ ಮೊಮ್ಮಗಳ ಗೆಲುವಿಗೆ ಮಸಿ.

ರಂಗಪ್ಪನವರಿಗೆ ಅವರು ಏನನ್ನೂ ಹೇಳಲಿಲ್ಲ. ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ಕ್ಲಬ್ಬಿನ ಕೋಣೆಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಪಂದ್ಯಾವಳಿಯ ರೆಫರಿ ಪರಮೇಶ್ವರಪ್ಪ. ತೂಗಿ ಮಾತಾಡುವವರು. ಇನ್ನೊಬ್ಬ ಕೋಚ್ ಸತೀಶ್. ಅವನಿಗೆ ತಕ್ಕಡಿಯೇ ಇರಲಿಲ್ಲ.

"ತಾತ ಪೊರಕೆ ಹಿಡಿದ, ಮೊಮ್ಮಗಳು ಕಪ್ ಹಿಡಿದ್ಲು," ಎಂದ ಸತೀಶ್. "ಒಳ್ಳೆ ಜೋಡಿ ಮಾರಾಯ್ರೆ. ಎರಡು ಬೆರಳು ಹೊರಗೆ ಬಿದ್ದಿತ್ತು ಚೆಂಡು. ನನ್ನ ಕಣ್ಣಾರೆ ನೋಡಿದೀನಿ."

"ನೋಡಿದ ತಕ್ಷಣ ನೀನು ಅಲ್ಲೇ ಹೋಗಿ ನಿಂತ್ಯಾ?"

ಇಲ್ಲ, ರೆಫರಿಯವರನ್ನು ಕರೆತರಲು ಓಡಿದೆ ಎಂದ. ಜನರ ನೂಕುನುಗ್ಗಲಿನಲ್ಲಿ ಇಬ್ಬರೂ ತಿರುಗಿ ಬರುವುದು ತಡವಾಯಿತಂತೆ. ಆ ಹೊತ್ತಿನಲ್ಲಿ ದಿವ್ಯಶ್ರೀ ಎಲ್ಲಿದ್ದಳು ಎಂದು ಕೇಳಿದರೆ ಅವನು ಭುಜ ಕುಣಿಸಿದ. ಕುರ್ಚಿಯ ಹತ್ತಿರ ಇದ್ದಿರಬೇಕು, ಬ್ಯಾಗ್ ಕಟ್ಟುತ್ತಿದ್ದಿರಬೇಕು. ಅವನು ನೋಡಿರಲಿಲ್ಲ.

ಬಸವರಾಜೇಶ್ವರಿ ಎಲ್ಲರ ಫೋನಿನ ಚಿತ್ರಗಳನ್ನೂ ತರಿಸಿ ನೋಡಿದರು. ಲಿಖಿತಾ ಮಂಡಿಯೂರಿದ್ದು, ಲಿಖಿತಾಳನ್ನು ಗೆಳತಿಯರು ಹೆಗಲ ಮೇಲೆ ಹೊತ್ತದ್ದು, ಲಿಖಿತಾಳ ಕೆನ್ನೆಗೆ ಹತ್ತಿದ ಕೆಮ್ಮಣ್ಣು, ಲಿಖಿತಾಳ ಕೈಯ ಕಪ್. ನೂರಾರು ಜನ ನೂರಾರು ಚಿತ್ರ ತೆಗೆದಿದ್ದರು. ಇಬ್ಬರೂ ಬಲೆಯ ಬಳಿ ಕೈ ಕುಲುಕಿದ ಆ ಒಂದು ಚಿತ್ರದ ನಂತರ ದಿವ್ಯಶ್ರೀ ಎಲ್ಲಿಯೂ ಇರಲಿಲ್ಲ.

ಸೋತವರು ಎತ್ತ ಹೋದರು ಎಂದು ಯಾರೂ ನೋಡುವುದಿಲ್ಲ.

"ಕೈ ಕುಲುಕಿದ ಮೇಲೆ ಸ್ಕೋರ್ ಬದಲಾಗಲ್ಲ," ಎಂದರು ಪರಮೇಶ್ವರಪ್ಪ. "4-6, 7-5, 7-5. ಅದು ಬರೆದಾಯ್ತು. ಚೆಂಡು ಎಲ್ಲಿ ಬಿತ್ತು ಅನ್ನೋದಕ್ಕಿಂತ, ಗುರುತನ್ನ ಅಳಿಸಿದ್ದು ಯಾರು ಅನ್ನೋದು ನನಗೆ ಮುಖ್ಯ. ಗೆದ್ದವರ ಕಡೆಯವರೇ ಅಳಿಸಿದ್ರೆ ಆ ಗೆಲುವನ್ನ ಯಾವ ಮುಖ ಇಟ್ಕೊಂಡು ಉಳಿಸ್ಲಿ?"

ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಎರಡನೆಯ ಸೆಟ್ಟಿನ ಒಂದು ಸಂಗತಿ ಅವರ ಎದೆಯಲ್ಲಿ ಕೂತಿತ್ತು. ಸೆಟ್ ಇನ್ನೇನು ಲಿಖಿತಾಳ ಕೈಗೆ ಬಂದೇ ಬಿಟ್ಟಿದೆ ಅನ್ನುವಾಗ, ದಿವ್ಯಶ್ರೀಯ ಹೊಡೆತವೊಂದು ಹೊರಗೆ ಬಿತ್ತು ಎಂದು ಅಂಪೈರ್ ಸಾರಿದರು. ಚಪ್ಪಾಳೆ ಎದ್ದಿತು. ಲಿಖಿತಾ ಮಾತ್ರ ಹಿಂದಕ್ಕೆ ನಡೆದು ಹೋಗಿ ಆ ಗುರುತನ್ನು ನೋಡಿದಳು. ನೋಡಿ, ಅದನ್ನು ತನ್ನ ಬೂಟಿನಿಂದ ಉಜ್ಜಿ ಅಳಿಸಿದಳು. ಆಮೇಲೆ ರ‍್ಯಾಕೆಟ್ಟನ್ನು ದಿವ್ಯಶ್ರೀಯ ಕಡೆಗೆ ತೋರಿಸಿದಳು. ಮಣ್ಣಿನ ಅಂಕಣದಲ್ಲಿ ಅದಕ್ಕೆ ಒಂದೇ ಅರ್ಥ: ಚೆಂಡು ಒಳಗೇ ಬಿದ್ದಿದೆ, ಅಂಕ ನಿನ್ನದು.

"ಇಷ್ಟು ವರ್ಷ ಕರ್ನಾಟಕ ಪೂರ್ತಿ ಸುತ್ತಿದೀನಿ ಅಮ್ಮ. ಗೆಲುವು ಬಾಗಿಲಿಗೆ ಬಂದಾಗ ಹಾಗೆ ಮಾಡಿದವರನ್ನ ನಾನು ನೋಡಿಲ್ಲ. ಅಂಥಾ ಹುಡುಗಿ ಕೈಯಿಂದ ಕಪ್ ಕಿತ್ಕೊಳ್ಳೋ ಕೆಲಸ ನನಗೆ ಬಂತಲ್ಲ."

ಸತೀಶ್ ಕೂಡ ಈ ಒಂದು ಮಾತಿಗೆ ಎದುರಾಡಲಿಲ್ಲ. ಕಿಟಕಿಯ ಕಡೆಗೆ ಮುಖ ಮಾಡಿ, ಆ ಹುಡುಗಿಯ ಆಟದಲ್ಲಿ ತಪ್ಪು ಹುಡುಕಲು ಬರುವುದಿಲ್ಲ, ತನ್ನ ಜಗಳ ಪೊರಕೆಯ ಮೇಲೆ ಎಂದ.

ಬಸವರಾಜೇಶ್ವರಿ ಎದ್ದರು. ಗುರುತು ಉಳಿದಿದ್ದರೆ ದಿವ್ಯಶ್ರೀಗೆ ಲಾಭ. ಅದಕ್ಕೇ ಅವಳ ಕಡೆಗೆ ಯಾರ ಸಂಶಯವೂ ಹರಿದಿರಲಿಲ್ಲ. ಆದರೆ ಆಟ ಮುಗಿದಾಗ ಆ ಮೂಲೆಗೆ ಹತ್ತಿರ ಇದ್ದವಳು ಅವಳೊಬ್ಬಳೇ. ಗೆರೆ ಒರೆಸುವ ಪೊರಕೆ ಇದ್ದದ್ದು ಅವಳ ಕುರ್ಚಿಯ ಹಿಂದೆ.

ಗೇಟಿನ ಹೊರಗೆ ಲಿಖಿತಾ ನಿಂತಿದ್ದಳು. ಕೈಯಲ್ಲಿ ಕಪ್ ಇರಲಿಲ್ಲ. ಮನೆಯಲ್ಲಿ ಬಟ್ಟೆ ಮುಚ್ಚಿ ಇಟ್ಟು ಬಂದಿದ್ದಾಳೆ ಎಂದು ರಂಗಪ್ಪ ಹೇಳಿದ್ದರು.

"ಶಿವಮೊಗ್ಗಕ್ಕೆ ಹೋಗ್ತಿದೀರಾ ಆಂಟಿ? ನಾನೂ ಬರ್ತೀನಿ."

ಬೇಡ ಎನ್ನಬೇಕಿತ್ತು. ಆ ಮುಖ ನೋಡಿ ಬಸವರಾಜೇಶ್ವರಿಗೆ ಬೇಡ ಎನ್ನಲಾಗಲಿಲ್ಲ. ಕಾರಿನ ಬಾಗಿಲು ತೆರೆದರು.

ದಾರಿಯುದ್ದಕ್ಕೂ ಹುಡುಗಿ ಮಾತಾಡಿದ್ದು ಒಂದೇ ಸಲ. ತಾತ ಗುಡಿಸಿದರಾ ಎಂದು ಕೇಳಿದಳು. ಇಲ್ಲ ಎಂದರು ಇವರು. ಅವಳು ಸೀಟಿಗೆ ಒರಗಿ ಕಣ್ಣು ಒರೆಸಿಕೊಂಡಳು. ಮತ್ತೆ ಯಾರು ಎಂದು ಕೇಳಲಿಲ್ಲ. ಗೆದ್ದವಳ ಅಂಗೈಯಲ್ಲಿ ಒಡೆದ ಗುಳ್ಳೆಗಳಿದ್ದವು, ಮೊಣಕಾಲಿನಲ್ಲಿ ಇನ್ನೂ ತೊಳೆದು ಹೋಗದ ಕೆಂಪು ಇತ್ತು. ಜಾರಿ ಜಾರಿ ಹೊಡೆಯುವವಳ ಕಾಲಿಗೆ ಮಣ್ಣೇ ಕಾಲ್ಗೆಜ್ಜೆ.

ದಿವ್ಯಶ್ರೀಯ ಮನೆಯೂ ಗೋಪಾಳದಲ್ಲೇ. ಅವಳ ಅಜ್ಜಿ ದಾಕ್ಷಾಯಣಮ್ಮ ಬಾಗಿಲಲ್ಲಿ ಕೂತು ಸೇವಂತಿಗೆ ಕಟ್ಟುತ್ತಿದ್ದರು. ಲಿಖಿತಾಳನ್ನು ಕಂಡದ್ದೇ ಹೂವಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು ಅವಳ ಗಲ್ಲ ಹಿಡಿದರು.

"ನಿನ್ನೆ ಆಡಿದವಳು ನೀನೇ ಅಲ್ವಾ? ನಮ್ಮ ಹುಡುಗಿನ ಓಡಿಸಿ ಓಡಿಸಿ ಸುಸ್ತು ಮಾಡಿದೆಯಲ್ಲೇ ಮಾರಾಯ್ತಿ. ಟಿವಿಯವರು ತೋರಿಸ್ದೇ ಹೋದ್ರು, ಇಲ್ಲಾಂದ್ರೆ ದೇಶವೇ ನೋಡ್ತಿತ್ತು."

ಒಳಗೆ ಕರೆದು, ಹಣೆಗೆ ಕುಂಕುಮ ಇಟ್ಟು, ಒಂದು ಲೋಟ ಮಜ್ಜಿಗೆ ಕೊಟ್ಟರು. ಮೊಮ್ಮಗಳು ಸೋತ ಮನೆ ಅದು ಎಂದು ಯಾರೂ ಹೇಳುವಂತಿರಲಿಲ್ಲ. ಲಿಖಿತಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

ದಿವ್ಯಶ್ರೀ ನಡುಮನೆಯ ಬಾಗಿಲಿಗೆ ಬಂದು ನಿಂತಳು. ಎತ್ತರದ ಹುಡುಗಿ. ನೋಟದಲ್ಲೂ ಅವಳ ಹೊಡೆತದ ಹಾಗೆ ಸದ್ದಿಲ್ಲ.

ಬಸವರಾಜೇಶ್ವರಿ ಅವಳನ್ನು ನೋಡಲೇ ಇಲ್ಲ. ಅಜ್ಜಿಯ ಕಡೆಗೆ ತಿರುಗಿ, ಮನೆಮಾತಿನ ಹಾಗೆ ಕೇಳಿದರು. "ನಿಮ್ಮಲ್ಲಿ ದೀಪ ಹಚ್ಚಿದ ಮೇಲೆ ಗುಡಿಸ್ತಾರಾ ಅಮ್ಮ?"

"ಎಲ್ಲಾದ್ರೂ ಉಂಟಾ? ಏನಾದ್ರೂ ಚೆಲ್ಲಿದ್ರೆ ಗುಡಿಸಿ ಮೂಲೆಗೆ ಒತ್ತಿಡೋದು. ಹೊರಗೆ ಹಾಕೋದು ಬೆಳಗಾದ ಮೇಲೇನೇ. ಲಕ್ಷ್ಮೀನ ಯಾರಾದ್ರೂ ಹೊರಗೆ ದಬ್ಬುತ್ತಾರಾ?" ದಾಕ್ಷಾಯಣಮ್ಮ ಮೊಮ್ಮಗಳ ಕಡೆ ನೋಡಿ ನಕ್ಕರು. "ಇವಳಿಗೆ ಚಿಕ್ಕವಳಿದ್ದಾಗಿಂದ ಹೇಳಿ ಹೇಳಿ, ಈಗ ಹೇಳೋದೇ ಬೇಡ, ಕೈಯೇ ಮಾಡುತ್ತೆ."

ಬಾಗಿಲಲ್ಲಿದ್ದ ಹುಡುಗಿಯ ಉಸಿರು ನಿಂತದ್ದು ಬಸವರಾಜೇಶ್ವರಿಗೆ ಕೇಳಿಸಿತು.

"ಗುಡಿಯ ಗಂಟೆ ಬಾರಿಸ್ತಿತ್ತು," ಎಂದರು ಅವರು, ಈಗ ಅವಳ ಕಡೆ ತಿರುಗಿ. "ಬೇಲಿಯಾಚೆ ತಳ್ಳಿದ್ರೆ ಒಂದು ಹಿಡಿ ಮಣ್ಣು ಯಾರಿಗೂ ಸಿಗ್ತಿರಲಿಲ್ಲ ಮಗ. ನಿನ್ನ ಕೈ ತಳ್ಳಲಿಲ್ಲ."

ದಿವ್ಯಶ್ರೀ ಮೊದಲು ಅಜ್ಜಿಯನ್ನು ನೋಡಿದಳು, ಆಮೇಲೆ ಲಿಖಿತಾಳನ್ನು. ಸುಳ್ಳು ಹೇಳುವ ಯೋಚನೆ ಅವಳ ಮುಖದ ಮೇಲೆ ಸುಳಿಯಲೂ ಇಲ್ಲ.

"ನಾನೇ ಗುಡಿಸಿದ್ದು," ಎಂದಳು.

ಲಿಖಿತಾ ಲೋಟ ಕೆಳಗಿಟ್ಟಳು.

ರಂಗಪ್ಪನವರ ಮೇಲೆ ಅಪವಾದ ಬಂದದ್ದನ್ನು ಬಸವರಾಜೇಶ್ವರಿ ಹೇಳಿದಾಗ ದಿವ್ಯಶ್ರೀಯ ಬಣ್ಣವೇ ಇಳಿಯಿತು. ಅವಳಿಗೆ ಅದು ತಿಳಿದಿರಲಿಲ್ಲ. ನಿನ್ನೆ ರಾತ್ರಿಯಿಂದ ಫೋನ್ ಆಫ್ ಮಾಡಿಟ್ಟಿದ್ದಳು, ಸತೀಶ್ ಮಾಮೂಲಿನಂತೆ ಅಂಪೈರ್ ಮೇಲೆ ಕೂಗಾಡುತ್ತಿದ್ದಾರೆ ಅಂದುಕೊಂಡಿದ್ದಳು. ಈಗಲೇ ಬರುತ್ತೇನೆ, ಸಮಿತಿಯ ಮುಂದೆ ನಿಂತು ಗುಡಿಸಿದ್ದು ನಾನೇ ಎಂದು ಹೇಳುತ್ತೇನೆ ಎಂದಳು. ಚಪ್ಪಲಿ ಹುಡುಕತೊಡಗಿದಳು.

ಅಷ್ಟಕ್ಕೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಬಸವರಾಜೇಶ್ವರಿ ಅಲ್ಲಿಂದಲೇ ಪರಮೇಶ್ವರಪ್ಪನವರಿಗೆ ಫೋನ್ ಮಾಡಿದರು. ಆ ಕಡೆ ಮೊದಲು ಒಂದು ದೀರ್ಘ ನಿಟ್ಟುಸಿರು. ರಂಗಪ್ಪ ಬಚಾವಾದರು, ಶಿವ ದೊಡ್ಡವನು ಎಂದರು. ಆಮೇಲೆ ರೆಫರಿಯ ದನಿ.

ಸೋತವಳೇ ತನ್ನ ಸಾಕ್ಷಿಯನ್ನು ಅಳಿಸಿದ್ದಾಳೆ ಎಂದರೆ ಜನ ಏನೆನ್ನುತ್ತಾರೆ? ಇಬ್ಬರೂ ಮೊದಲೇ ಮಾತಾಡಿಕೊಂಡು ಆಡಿದರು ಎನ್ನುತ್ತಾರೆ. ಹಾಗಾಗಿ ಗುಡಿಸಿದೆ ಎಂದರೆ ಸಾಲದು. ಚೆಂಡು ಎಲ್ಲಿ ಬಿದ್ದಿತ್ತು, ಯಾಕೆ ಗುಡಿಸಿದೆ, ಎರಡನ್ನೂ ಅವಳು ಎಲ್ಲರ ಮುಂದೆ ಹೇಳಬೇಕು. ಹೇಳದಿದ್ದರೆ ಫೈನಲ್ಲಿನ ಫಲಿತಾಂಶವನ್ನೇ ತಡೆಹಿಡಿಯಬೇಕಾಗುತ್ತದೆ. ರಾಷ್ಟ್ರೀಯ ಪಂದ್ಯಾವಳಿಗೆ ಇಲ್ಲಿಂದ ಲಿಖಿತಾಳೂ ಇಲ್ಲ, ದಿವ್ಯಶ್ರೀಯೂ ಇಲ್ಲ.

ಬಸವರಾಜೇಶ್ವರಿ ಫೋನನ್ನು ಕೆಳಗಿಟ್ಟು, ಕೇಳಿದ್ದನ್ನು ಒಂದಕ್ಷರ ಬಿಡದೆ ಇಬ್ಬರಿಗೂ ಹೇಳಿದರು.

ದಿವ್ಯಶ್ರೀಯ ಒಂದು ಕಾಲು ಚಪ್ಪಲಿಯಲ್ಲಿತ್ತು. ಇನ್ನೊಂದನ್ನು ಅವಳು ಹಾಕಲಿಲ್ಲ.

"ಗುಡಿಸಿದ್ದು ನಾನು ಅಂತ ನೂರು ಜನರ ಮುಂದೆ ಹೇಳ್ತೀನಿ ಆಂಟಿ. ಉಳಿದದ್ದನ್ನ ಕೇಳಬೇಡಿ."

"ಯಾಕೆ ಅಂತ ನನಗೆ ಅಂದಾಜಿದೆ ಮಗ," ಎಂದರು ಬಸವರಾಜೇಶ್ವರಿ.

"ಅಂದಾಜು ನಿಮ್ಮ ಹತ್ರಾನೇ ಇರ್ಲಿ."

ಮಾತು ಒರಟಾಗಿತ್ತು, ಕಣ್ಣು ಬೇಡುತ್ತಿತ್ತು. ಬಸವರಾಜೇಶ್ವರಿಗೆ ಆ ಕ್ಷಣ, ಈ ಎತ್ತರದ ಹುಡುಗಿಯ ಮುಂದೆ ತಾವೇ ಎದ್ದು ನಿಲ್ಲಬೇಕು ಅನ್ನಿಸಿತು. ಇಷ್ಟು ವರ್ಷದ ಕೆಲಸದಲ್ಲಿ ತಪ್ಪನ್ನು ಮುಚ್ಚಿಟ್ಟ ಎಷ್ಟೋ ಜನರನ್ನು ಕಂಡಿದ್ದರು. ತನಗೆ ನ್ಯಾಯವಾಗಿ ಬರಬೇಕಾದದ್ದನ್ನು ಹೀಗೆ ಮುಚ್ಚಿಟ್ಟು, ಅದಕ್ಕಾಗಿ ತನ್ನ ದಾರಿಯನ್ನೂ ಮುಚ್ಚಿಕೊಳ್ಳುವವರನ್ನು ಕಂಡಿರಲಿಲ್ಲ.

ಔಟ್ ಎಂದು ಗೊತ್ತಾದರೆ, ಎರಡನೆಯ ಸೆಟ್ಟಿನಲ್ಲಿ ತನ್ನದಲ್ಲದ ಅಂಕವನ್ನು ಬಿಟ್ಟುಕೊಟ್ಟ ಲಿಖಿತಾ ಈ ಕಪ್ಪನ್ನೂ ಇಟ್ಟುಕೊಳ್ಳುವವಳಲ್ಲ; ಅದಕ್ಕೇ ಈ ಹುಡುಗಿ ಬಾಯಿ ಬಿಗಿದಿದ್ದಳು. ಅವರು ಬಾಯಿ ತೆರೆದರೆ ಎಲ್ಲವೂ ಹೊರಬರುತ್ತಿತ್ತು. ತೆರೆಯಲಿಲ್ಲ. ಆದರೆ ಸಮಿತಿಯವರು ಕೇಳಿದರೆ? ಅಲ್ಲಿ ಸುಳ್ಳು ಹೇಳುವುದು ಅವರ ನಾಲಿಗೆಗೆ ಬರುವ ಕೆಲಸವಲ್ಲ.

ಆಗ ಲಿಖಿತಾ ಎದ್ದಳು. ನಡುಮನೆ ದಾಟಿ ದಿವ್ಯಶ್ರೀಯ ಎದುರಿಗೆ ಹೋಗಿ ನಿಂತಳು. ನಿನ್ನೆ ಬಲೆಯ ಆಚೆ ಈಚೆ ನಿಂತವರ ನಡುವೆ ಈಗ ಒಂದು ಮೊಳವೂ ಇರಲಿಲ್ಲ.

"ಔಟಾ?"

ದಿವ್ಯಶ್ರೀ ಕಾಲಲ್ಲಿದ್ದ ಇನ್ನೊಂದು ಚಪ್ಪಲಿಯನ್ನೂ ಬಿಟ್ಟಳು.

"ಸಮಿತಿಯವರಿಗೆ ಹೇಳಬೇಡ. ಕಪ್ ಹೋಗ್ಲಿ, ನ್ಯಾಷನಲ್ಸೂ ಹೋಗ್ಲಿ. ನನಗೊಬ್ಬಳಿಗೆ ಹೇಳು. ಗೊತ್ತಿಲ್ದೆ ನಾನು ಆ ಕಪ್ ಮುಂದೆ ಹೇಗೆ ಕೂರ್ಲಿ? ಇನ್ನು ಒಂದು ಚೆಂಡು ಹೇಗೆ ಹೊಡೀಲಿ? ನಿನ್ನ ಕಾಲು ಹಿಡೀತೀನಿ ದಿವ್ಯಾ. ಎಲ್ಲಿ ಬಿತ್ತು, ಹೇಳು."

ಮತ್ತೆ ಹೂ ಕಟ್ಟಲು ಕೂತಿದ್ದ ಅಜ್ಜಿಯ ಕೈಯ ದಾರ ಹಾಗೇ ನಿಂತಿತ್ತು.

ಬಗ್ಗಲು ಹೊರಟ ಲಿಖಿತಾಳ ಎರಡು ತೋಳುಗಳನ್ನೂ ದಿವ್ಯಶ್ರೀ ಗಟ್ಟಿಯಾಗಿ ಹಿಡಿದು ನೇರ ನಿಲ್ಲಿಸಿದಳು.

"ಹೇಳಲ್ಲ," ಎಂದಳು. "ಅವರಿಗೂ ಹೇಳಲ್ಲ. ನಿನಗಂತೂ ಯಾವತ್ತೂ ಹೇಳಲ್ಲ."